ಗುಗ್ಗುಳದ ಗಿಡವೂ ಅದರ ವಂಶಚಿಹ್ನೆಗಳೂ

ಗುಗ್ಗುಳವೆಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ವೀರಭದ್ರನ ಗುಗ್ಗುಳಸೇವೆಯನ್ನು ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಇಂದಿಗೂ ಕಾಣಬಹುದು. ಅಥರ್ವವೇದವು ಇದರ ಗಂಧವನ್ನು ವ್ಯಾಧಿನಿವಾರಕವೆಂದು ಕೊಂಡಾಡುತ್ತದೆ. ಸುಶ್ರುತಸಂಹಿತೆಯು ಇದನ್ನು ಮೇದೋರೋಗಕ್ಕೆ ಔಷಧವೆಂದು ಎಣಿಸುತ್ತದೆ. ಆದರೆ ಈ ಅಂಟನ್ನು ಒಸರುವ ಗಿಡವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕೆಲವರೇ ಸರಿ. ರಾಜಸ್ಥಾನ, ಕಚ್ಛ, ಸೌರಾಷ್ಟ್ರ, ಸಿಂಧ ಮೊದಲಾದ ಒಣನೆಲಗಳಲ್ಲಿ ಬೆಳೆಯುವ ಮುಳ್ಳುಪೊದೆಯಿದು.

1966ರಲ್ಲಿ ಕಾಶಿಯ ವಿಶ್ವವಿದ್ಯಾನಿಲಯದಲ್ಲಿ ಜಿ. ವಿ. ಸತ್ಯವತಿಯವರು ಸುಶ್ರುತನ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿ, ಗುಗ್ಗುಳವು ರಕ್ತದ ಕೊಬ್ಬನ್ನು ತಗ್ಗಿಸುವುದೆಂದು ಪ್ರಬಂಧದಲ್ಲಿ ತೋರಿಸಿದರು. ಪ್ರಾಚೀನ ಗ್ರಂಥಕ್ಕೆ ಇದರಿಂದ ಗೌರವ ಬಂದಿತು. ಗಿಡಕ್ಕೆ ಮಾತ್ರ ಕೇಡಾಯಿತು. ಹೆಚ್ಚು ಅಂಟು ಬರಲೆಂದು ಕಾಂಡವನ್ನು ಆಳವಾಗಿ ಕಚ್ಚುಮಾಡಿ ಮದ್ದು ಸವರಿದರೆ ಗಿಡವು ಒಸರಿ ಒಸರಿ ಒಣಗಿಹೋಗುವುದುಂಟು. 2015ರಲ್ಲಿ ಇದನ್ನು ಅತ್ಯಂತ ಅಪಾಯಕ್ಕೊಳಗಾದ ಜಾತಿಯೆಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ನಮೂದಿಸಲಾಯಿತು.

ಉಳಿದಿರುವ ಗಿಡಗಳೆಷ್ಟೆಂದು ಎಣಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. 1996ರಲ್ಲಿ ಗುಪ್ತ, ಶಿವಣ್ಣ, ಮೋಹನರಾಮ್ ಎಂಬ ಮೂವರು ಪ್ರಕಟಿಸಿದ ಸಂಶೋಧನೆಯಿಂದ, ಹೆಣ್ಣುಗಿಡವು ಪರಾಗದ ಸಹಾಯವಿಲ್ಲದೆಯೇ ಬೀಜ ಕಟ್ಟುವುದೆಂದು ತಿಳಿದುಬಂದಿತು. ಇಂತಹ ಬೀಜದ ಸಸಿಯು ತಾಯಿಯದೇ ಪ್ರತಿಕೃತಿ. ಗಂಡುಗಿಡಗಳೋ ಬಲು ವಿರಳ. ಆದುದರಿಂದ ನೂರು ಪೊದೆಗಳ ಒಂದು ದಿಬ್ಬವು ವಂಶದೃಷ್ಟಿಯಿಂದ ಒಂದೇ ಗಿಡವಾಗಿರಬಹುದು.

ಗ್ರಂಥಸಂಪಾದನೆ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಮೂಲದಿಂದ ಇಳಿದ ಹತ್ತು ಓಲೆಪ್ರತಿಗಳಿದ್ದರೂ ಅವು ಹತ್ತು ಸಾಕ್ಷಿಗಳಾಗುವುದಿಲ್ಲ. ಸಮಾನವಾದ ಲಿಪಿಕಾರದೋಷಗಳೇ ಅವುಗಳ ನಂಟನ್ನು ಹೊರಗೆಡಹುತ್ತವೆ. ಡಿಎನ್‌ಎಯಲ್ಲಿ ವಂಶಚಿಹ್ನೆಗಳು ಮಾಡುವ ಕೆಲಸವೂ ಇದೇ. 1990ರಲ್ಲಿ ಬಳಕೆಗೆ ಬಂದ ರಾಪಿಡ್ ಎಂಬ ವಿಧಾನದಲ್ಲಿ, ಹತ್ತು ಅಕ್ಷರಗಳ ಚಿಕ್ಕ ತುಣುಕೊಂದು ಗಿಡದ ಡಿಎನ್‌ಎಗೆ ಎಲ್ಲೆಲ್ಲಿ ಅಂಟುವುದೋ ಅಲ್ಲಲ್ಲಿನ ಭಾಗಗಳನ್ನು ಬೆಳೆಸಿ, ಪಟ್ಟಿಗಳಂತೆ ಹರಡಿ ಹೋಲಿಸುತ್ತಾರೆ. ಅಗ್ಗದ ವಿಧಾನವೇ ಹೌದು, ಆದರೆ ಒಂದೆಡೆ ಬಂದ ಫಲವು ಇನ್ನೊಂದೆಡೆ ಹಾಗೆಯೇ ಬಾರದಿರುವ ದೋಷವೂ ಉಂಟು. ಇದರಿಂದಲೇ ಬೇರೆ ಬಗೆಯ ಚಿಹ್ನೆಗಳನ್ನೂ ಜೊತೆಗಿಟ್ಟು ನೋಡುವುದು ಲೇಸು. 2010ರಲ್ಲಿ, ಹೂ ಬಿಡುವುದಕ್ಕೆ ಮೊದಲೇ ಗಿಡದ ಲಿಂಗವನ್ನು ಗುರುತಿಸಲು ನೆರವಾಗುವ ಚಿಹ್ನೆಗಳು ಪ್ರಕಟವಾದವು. ಗಂಡುಗಿಡ ದುರ್ಲಭವಾದ ಜಾತಿಗೆ ಇದು ಅಲ್ಪಲಾಭವಲ್ಲ.

ಗುಗ್ಗುಳವನ್ನು ತೋಟಗಳಲ್ಲಿ ಸಾಮಾನ್ಯವಾಗಿ ಕಡ್ಡಿ ನೆಟ್ಟು ಬೆಳೆಸುತ್ತಾರೆ. ಕಡ್ಡಿಗಳು ಒಂದೇ ದಿಬ್ಬದಿಂದ ಬಂದುವೋ, ಭಿನ್ನವಂಶದ ಹಲವು ಗಿಡಗಳಿಂದ ಬಂದುವೋ ಎಂಬುದನ್ನು ನೆಡುವ ಮುನ್ನವೇ ನಿಶ್ಚಯಿಸಬೇಕು. ಎಲೆಯ ಆಕಾರವನ್ನು ನೋಡಿ ಮಾತ್ರ ಅದನ್ನು ನಿಶ್ಚಯಿಸಲಾಗದು.