ದಹನಶೀಲತೆ: ಭಟ್ಕಳ, ಹೊನ್ನಾವರ, ಕುಮಟಾ

ವಸ್ತುವೊಂದು ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಲೆ ಎಷ್ಟು ಬೇಗ ಉರಿಯುತ್ತದೆ ಎಂಬುದೇ ಅದರ ದಹನಶೀಲತೆ. ವಸ್ತು ಯಾವುದು ಎನ್ನುವಷ್ಟೇ ಮುಖ್ಯ ಅದರ ರೂಪ. ತೆಂಗಿನ ಬೊಡ್ಡೆಗೆ ಕಡ್ಡಿ ಗೀರಿ ಹಿಡಿದರೆ ಕಪ್ಪಾಗುತ್ತದೆ, ಅಷ್ಟೆ. ಅದೇ ಮರದ ಒಣಗರಿ ಕಟ್ಟಿದ ಸೂಡಿಗೆ ಒಂದೇ ಕಡ್ಡಿ ಸಾಕು. ಬೀಸಿದರೆ ಜ್ವಾಲೆ, ಬೀಸದಿದ್ದರೆ ಬರೀ ಕೆಂಡ.

ಭಟ್ಕಳ, ಹೊನ್ನಾವರ, ಕುಮಟಾದ ಕರಾವಳಿಯಲ್ಲಿ ಮಡಲು, ಅಡಿಕೆ ಸೋಗೆ, ಕರಡ ಹೊದಿಸಿದ ಮಾಡುಗಳು ಮಳೆಗಾಲದಲ್ಲಿ ನೀರು ಕುಡಿದು ನಿಶ್ಚಿಂತ; ಮಾರ್ಚ್ ಹೊತ್ತಿಗೆ ಗರಿಗರಿ. ಕೆಳಗಿನ ಚಿರೆಕಲ್ಲಿನ ಗೋಡೆ ಉರಿಯುವುದಿಲ್ಲ, ಆದರೆ ಮಾಡನ್ನು ಕಾಪಾಡುವುದೂ ಇಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಶುರುಮಾಡಿದ ಹೆಂಚು ಈ ಕರಾವಳಿಗೂ ಹಬ್ಬಿ, ಮಾಡಿನ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿತು. ಯುದ್ಧದಲ್ಲೂ ಬೆಂಕಿ ಆಯುಧವಾಗಿತ್ತು: 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ.

ರೂಪದ ಪಾಠಕ್ಕೆ ಕುಮಟಾದ ಹತ್ತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹುಬ್ಬಳ್ಳಿ, ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ‘ಕುಮಟಾ’ ಎಂಬುದು ಹತ್ತಿಯ ತಳಿಯೊಂದಕ್ಕೇ ಹೆಸರಾಯಿತು. 1861–65ರ ಅಮೆರಿಕದ ಅಂತರ್ಯುದ್ಧ ಈ ವ್ಯಾಪಾರವನ್ನು ಉಬ್ಬಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಲೆಕ್ಕಾಚಾರವಿತ್ತು. ಬಿಡಿ ಹತ್ತಿಯ ಎಳೆ ಎಳೆಗೂ ಗಾಳಿ. ಕಿಡಿ ಬಿದ್ದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಉರಿ. ಒತ್ತಿ ಕಟ್ಟಿದ ಅಂಡಿಗೆಯ ಸಂಗತಿಯೇ ಬೇರೆ. ಮೇಲ್ಮೈ ಮಾತ್ರ ಸೀಯುತ್ತದೆ, ಕಿಡಿ ಒಳಗಿಳಿದು ದಿನಗಟ್ಟಲೆ ಕನಲುತ್ತದೆ. ಮೇಲೆ ನೀರು ಹೊಯ್ದು ಆರಿತೆಂದುಕೊಂಡ ಅಂಡಿಗೆಯನ್ನು ಬಿಚ್ಚಿದರೆ, ಗಾಳಿ ತಾಗಿದ ಒಡನೆ ಮತ್ತೆ ಹೊತ್ತಬಹುದು. ಹತ್ತಿಗೆ ಎಣ್ಣೆ ಸೋಕಿದ್ದರಂತೂ ಕಿಡಿಯೇ ಇಲ್ಲದೆ ತಾನಾಗಿ ಕಾಯುವ ಸಂಭವವೂ ಉಂಟು.

ಎಣ್ಣೆಗಳಲ್ಲಿ ನೋಡಬೇಕಾದ್ದು ಹೊತ್ತುವ ಆವಿ ಏಳುವ ಉಷ್ಣತೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಎಷ್ಟೋ ಕೆಳಗೆ, ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಸೆಲ್ಸಿಯಸ್, ತೆಂಗಿನೆಣ್ಣೆಗೆ 200ಕ್ಕೂ ಮೇಲೆ. ದೀಪದ ತೆಂಗಿನೆಣ್ಣೆಗೆ ಬತ್ತಿ ಬೇಕಾಗುವುದು ಇದಕ್ಕೇ. ಗೇರುಬೀಜದ ಸಿಪ್ಪೆಯನ್ನು ಕೆಂಡಕ್ಕೆ ಹಾಕಿದರೆ ಎಣ್ಣೆ ಸಿಡಿದು ಭಗ್ಗೆನ್ನುತ್ತದೆ.

ಅಡುಗೆ ಅನಿಲ ಗಾಳಿಯಲ್ಲಿ ಸುಮಾರು 2ರಿಂದ 9 ಶೇಕಡಾ ಬೆರೆತಾಗ ಮಾತ್ರ ಹೊತ್ತುತ್ತದೆ. ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಮೇಲೇರದೆ ತಗ್ಗಿಗೆ ಹರಿಯುತ್ತದೆ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರ್ ಉರುಳಿ ಹೊತ್ತಿ ಉರಿದು ಜೀವಹಾನಿಯಾಯಿತು. ಹೆದ್ದಾರಿಗೆ ತಾಗಿಕೊಂಡೇ ತೋಟ, ಮನೆಗಳಿರುವ ಊರುಗಳಲ್ಲಿ ಅನಿಲ ಇಳಿದು ನಿಲ್ಲುವ ಜಾಗದಲ್ಲೇ ಯಾರದೋ ಒಲೆ ಉರಿಯುತ್ತಿರುತ್ತದೆ.