ಯಾರನ್ನು ನೋಡಿ ನಗುತ್ತಿದ್ದೇವೆ?

ಹುಳಿಯಾರು, ತಿಪಟೂರು, ತುರುವೇಕೆರೆ ಸೀಮೆ ಮೂಡಲಪಾಯ ಯಕ್ಷಗಾನದ ನೆಲ. ಭಾಗವತರ ಪದಕ್ಕೆ ಮುಖವೀಣೆ, ಮದ್ದಳೆ ಕೂಡಿಕೊಂಡು ರಾಜನ ಒಡ್ಡೋಲಗ ರಂಗೇರುವಾಗ ಆಟದ ನಗೆಗಾರ ಹನುಮನಾಯಕ ನುಗ್ಗುತ್ತಾನೆ. ಕಿರೀಟ ಹೊತ್ತವನು ಬಿರುದು ಹೇಳಿಕೊಂಡರೆ ಇವನು ಹಳ್ಳಿಮಾತಿನಲ್ಲಿ ಅದರ ಗಾಳಿ ತೆಗೆಯುತ್ತಾನೆ. ರಾಜ ಸಿಟ್ಟಾದರೂ ಅವನನ್ನು ಆಚೆಗಟ್ಟುವಂತಿಲ್ಲ. ಆಟದ ಕಟ್ಟುಪಾಡೇ ಆ ಸಲಿಗೆ ಕೊಟ್ಟಿದೆ. ಬೆಳಗಾದರೆ ನಗಿಸಿದವನೂ ನಕ್ಕವರೂ ಒಂದೇ ಸಂತೆಯಲ್ಲಿ ಎದುರಾಗಬೇಕು.

ಈ ಸಲಿಗೆ ಮುಂದೆ ನಾಟಕಕ್ಕೂ ಅಚ್ಚಿಗೂ ಬಂತು. ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ತಮ್ಮದೇ ವಿದ್ಯಾವಂತ ವರ್ಗದ ಪರೀಕ್ಷೆಯ ಹುಚ್ಚನ್ನು ಬಯಲಿಗಿಟ್ಟರು. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಕೊರವಂಜಿ’ ಶುರುಮಾಡಿ 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಟಿ. ಸುನಂದಮ್ಮ ಸಂಸಾರದ ಹಾಸ್ಯವನ್ನು ಹೆಣ್ಣಿನ ಕಣ್ಣಿಂದ ಬರೆದರು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಊರೂರಿನಲ್ಲಿ ಅಧಿಕಾರಸ್ಥರನ್ನು ಝಾಡಿಸಿತು. 1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಎಂದೇ ಕರೆಯಿತು.

ಆದರೆ ಕನ್ನಡದ ನಗೆಗೆ ಇನ್ನೊಂದು ಮುಖವೂ ಇತ್ತು. ತೊದಲುವವರು, ಕಿವುಡರು, ಕಪ್ಪು ಬಣ್ಣದವರು, ಕೆಳಜಾತಿಯವರ ಮಾತಿನ ಧಾಟಿ, ಎಲ್ಲವೂ ಸುಲಭದ ಸರಕಾದವು. ಬಿದ್ದವರಿಗೆ ಆಳಿಗೊಂದು ಕಲ್ಲು. ಹೀಗೆ ನಗೆಗೀಡಾದವರ ಕಡೆಯಿಂದ ಉತ್ತರವೂ ಬಂತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದಾಗ ಬೀದಿಗಳು ಹೊತ್ತಿಕೊಂಡವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆ ಸಿಟ್ಟಿನೊಳಗಿಂದಲೇ ದಲಿತ ಚಳವಳಿ ಬಲಗೊಂಡಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇವತ್ತು ‘ಪೊಲಿಟಿಕಲ್ ಕರೆಕ್ಟ್‌ನೆಸ್’ ಎಂದು ಹಲವರು ಮೂಗು ಮುರಿಯುವ ಎಚ್ಚರಕ್ಕೆ ಕನ್ನಡದಲ್ಲಿ ಬೇರು ಇಲ್ಲಿದೆ. ಇದುವರೆಗೆ ನಗೆಗೀಡಾದವರು ಬಾಯಿ ತೆರೆದರು, ಅಷ್ಟೇ.

ಕಾನೂನಿನ ದಾರಿ ಬೇರೆ. ಪ್ರವಾದಿಯವರನ್ನು ಲೇವಡಿ ಮಾಡಿದ ಲಾಹೋರಿನ ಕಿರುಹೊತ್ತಿಗೆಯ ಗಲಾಟೆಯಿಂದ 1927ರಲ್ಲಿ ದಂಡಸಂಹಿತೆಗೆ, ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವುದನ್ನು ಅಪರಾಧವಾಗಿಸುವ 295ಎ ಕಲಮು ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು; ‘ಕಿರಿಕಿರಿ’ಯಂಥ ಹಿಡಿತಕ್ಕೆ ಸಿಗದ ಮಾತಿನ ಮೇಲೆ ಜೈಲಿಗೆ ಕಳಿಸುವಂತಿಲ್ಲ ಎಂದಿತು.

ಮುಖಭಂಗವೇ ಬೇರೆ, ಗಾಯವೇ ಬೇರೆ. ಅಧಿಕಾರ ಇದ್ದವನಿಗೆ ಆಗುವುದು ಮುಖಭಂಗ. ಮರುದಿನ ಅವನ ಕುರ್ಚಿ ಅಲ್ಲೇ ಇರುತ್ತದೆ. ದಿನವೂ ಹೀಯಾಳಿಕೆ ಉಂಡವನಿಗೆ ಆಗುವುದು ಗಾಯ. ‘ಭಾವನೆಗೆ ಧಕ್ಕೆ’ ಎಂಬ ದೂರು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಹನುಮನಾಯಕನ ಸಲಿಗೆ ಇವತ್ತಿನ ವ್ಯಂಗ್ಯಚಿತ್ರಕಾರನಿಗೂ ಕಾಮಿಡಿ ಕಲಾವಿದನಿಗೂ ಸಿಗಬೇಕು, ಅದಕ್ಕಾಗಿ ನಾವು ಜೊತೆಗೆ ನಿಲ್ಲಬೇಕು. ಅವರೂ ಅವನಂತೆ ಕಿರೀಟದತ್ತ ಮುಖಮಾಡಿ ನಿಲ್ಲಲಿ.