ಒಂದೇ ಹುಣ್ಣು, ಎರಡು ರೋಗ

ಕುದುರೆಯ ಹಿಂಗಾಲಿನ ಒಳಭಾಗದಲ್ಲಿ, ಚರ್ಮದಡಿ, ಮಣಿ ಪೋಣಿಸಿದಂತೆ ಗಂಟುಗಳ ಸಾಲು. ನಡುವೆ ಹಗ್ಗದಂತೆ ಬಿಗಿದ ದುಗ್ಧರಸ ನಾಳ. ಕೆಲವು ಗಂಟುಗಳು ಒಡೆದು ಕೀವು ಸೋರುತ್ತಿದೆ. ನೀವೇ ಪಶುವೈದ್ಯರೆಂದು ಭಾವಿಸಿಕೊಳ್ಳಿ. ಇದು ಯಾವ ರೋಗ?

ಸಾರಿಗೆಯೂ ಸೈನ್ಯವೂ ಕುದುರೆಯನ್ನೇ ನಂಬಿದ್ದ 19ನೇ ಶತಮಾನದಲ್ಲಿ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಅದು ಗ್ಲಾಂಡರ್ಸ್ ರೋಗದ ಚರ್ಮರೂಪವಾದ ‘ಫಾರ್ಸಿ’ ಆಗಿದ್ದರೆ ಇಡೀ ಲಾಯಕ್ಕೆ ಅಪಾಯ, ಮೈತಿಕ್ಕುವ ಕುದುರೆಯಾಳಿಗೂ ಅಪಾಯ. ಮನುಷ್ಯನಿಗೂ ಅದು ಅಂಟುತ್ತದೆಂದು ಬಹಳ ಮಂದಿ ಒಪ್ಪುತ್ತಿರಲಿಲ್ಲ. 1837ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ರೇಯೆ, ರೋಗ ತಗುಲಿದ ಲಾಯದಾಳಿನ ಕೀವನ್ನು ಕುದುರೆಗೆ ಚುಚ್ಚಿ, ಅದಕ್ಕೂ ಗ್ಲಾಂಡರ್ಸ್ ಬರುವುದನ್ನು ತೋರಿಸಿಕೊಟ್ಟರು.

ತೊಡಕೇನೆಂದರೆ, ಇಂಥದೇ ಗಂಟು, ಇಂಥದೇ ಕೀವು ಬರಿಸುವ ಇನ್ನೊಂದು ರೋಗವಿದೆ: ಎಪಿಜೂಟಿಕ್ ಲಿಂಫಾಂಜೈಟಿಸ್. ಅದಕ್ಕೆ ಕಾರಣ ಯೀಸ್ಟ್‌ನಂಥ ಒಂದು ಶಿಲೀಂಧ್ರ. 1873ರಲ್ಲಿ ಇಟಲಿಯ ರಿವೋಲ್ಟಾ ಅದನ್ನು ಗುರುತಿಸಿದರು. ಕುದುರೆಯಿಂದ ಕುದುರೆಗೆ ಅದೂ ಹರಡುತ್ತದೆ, ಆದರೆ ಮನುಷ್ಯನಿಗೆ ಬರುವುದು ತೀರ ಅಪರೂಪ. ನಮ್ಮ ಕ್ಯಾಮೆರಾ ಎಷ್ಟೇ ಹತ್ತಿರ ಹೋದರೂ ಈ ಎರಡು ಹುಣ್ಣುಗಳನ್ನು ಖಚಿತವಾಗಿ ಬೇರ್ಪಡಿಸಲಾರದು. ಇಲ್ಲಿ ಕಣ್ಣು ಸಾಲದು.

1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶ್ಯುಟ್ಜ್ ಗ್ಲಾಂಡರ್ಸ್‌ನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಕಾಖ್ ಅವರ ಟ್ಯೂಬರ್‌ಕ್ಯುಲಿನ್ ಸುದ್ದಿಯಾಗಿದ್ದ ದಿನಗಳಲ್ಲೇ, ರಷ್ಯಾ ಸಾಮ್ರಾಜ್ಯದ ಇಬ್ಬರು ಪಶುವೈದ್ಯರು, ಹೆಲ್‌ಮನ್ ಮತ್ತು ಕಾಲ್ನಿಂಗ್, ಆ ಬ್ಯಾಕ್ಟೀರಿಯಾದ ಸಾರದಿಂದ ‘ಮ್ಯಾಲಿನ್’ ತಯಾರಿಸಿದರು. ರೋಗವಿಲ್ಲದ ಕುದುರೆಗೆ ಚುಚ್ಚಿದರೆ ವಿಶೇಷವೇನೂ ಆಗದು. ರೋಗವಿದ್ದರೆ ಜ್ವರ ಏರುತ್ತದೆ, ಚುಚ್ಚಿದ ಜಾಗ ಊದುತ್ತದೆ. ಮೇಲ್ನೋಟಕ್ಕೆ ಆರೋಗ್ಯವಾಗಿ ಮೇವು ತಿನ್ನುತ್ತಿದ್ದ ಕುದುರೆಗಳೂ ಹೀಗೆ ಸಿಕ್ಕಿಬಿದ್ದವು. ಆದರೆ ಕಾಲ್ನಿಂಗ್ ಅದನ್ನು ನೋಡಲು ಹೆಚ್ಚು ದಿನ ಉಳಿಯಲಿಲ್ಲ. ಪ್ರಯೋಗಾಲಯದಲ್ಲೇ ಸೋಂಕು ತಗುಲಿ, 1891ರಲ್ಲಿ ಅದೇ ಗ್ಲಾಂಡರ್ಸ್‌ನಿಂದ ತೀರಿಕೊಂಡರು. ವಯಸ್ಸು ನಲವತ್ತನ್ನೂ ದಾಟಿರಲಿಲ್ಲ.

ನಮ್ಮ ದೇಶದಲ್ಲಿ 1899ರಲ್ಲೇ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಬಂತು. ಅದರ ಜಾಗಕ್ಕೆ 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಹೊಸ ಕಾಯಿದೆ ಬಂದಿದೆ.

ಈಗ ಮತ್ತೆ ನಿಮ್ಮ ಕುದುರೆಗೆ ಬನ್ನಿ. ಕೆಳರೆಪ್ಪೆಯ ಚರ್ಮದೊಳಕ್ಕೆ 0.1 ಮಿಲಿಲೀಟರ್ ಮ್ಯಾಲಿನ್ ಚುಚ್ಚಿ, 24 ಮತ್ತು 48 ಗಂಟೆಗಳ ನಂತರ ನೋಡಿ. ರೆಪ್ಪೆ ಊದಿ ಕಣ್ಣಿನಲ್ಲಿ ಕೀವು ಕಂಡರೆ ಗ್ಲಾಂಡರ್ಸ್ ಎಂದೇ ಶಂಕೆ. ತೀರ ಬಲಿತ ರೋಗದಲ್ಲಿ ಈ ಪರೀಕ್ಷೆ ತಪ್ಪುವುದುಂಟು. ಆದ್ದರಿಂದ ಇಂದು ರಕ್ತಪರೀಕ್ಷೆಯನ್ನೇ ಹೆಚ್ಚು ನೆಚ್ಚುತ್ತಾರೆ. ರೆಪ್ಪೆ ಸುಮ್ಮನಿದ್ದರೆ, ಗಂಟಿನ ಕೀವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ಇಡಿ, ರಿವೋಲ್ಟಾ ಕಂಡ ಆ ಶಿಲೀಂಧ್ರವನ್ನು ಹುಡುಕಿ. ಕೈಗವಸು ಮಾತ್ರ ಮೊದಲೇ ತೊಟ್ಟಿರಿ.